ದಡ್ಡನೆಂದು ಶಾಲೆ ಬಿಡಿಸುವ ಮೊದಲು
(ಗಿರಣಿ ಕಾರ್ಮಿಕರು ಮತ್ತು ಸಣ್ಣ ವ್ಯಾಪಾರಿಗಳ ಸಭೆಯಲ್ಲಿ ಮಾಡಿದ ಭಾಷಣ)



ಸಭೆಗೆ ಮುಂಚೆ ಸಂಗಾತಿಯೊಬ್ಬರು ನಮ್ಮನ್ನು ಪಕ್ಕಕ್ಕೆ ಕರೆದು ಹೇಳಿದರು: “ಮೇಷ್ಟ್ರೇ, ನಮ್ಮ ಹುಡುಗ ಬಾಯಿಲೆಕ್ಕದಲ್ಲಿ ಕಿರಾಣಿ ಅಂಗಡಿ ಸಾಹುಕಾರರನ್ನೇ ಸೋಲಿಸ್ತಾನೆ. ಶಾಲೆಯಲ್ಲಿ ಮಾತ್ರ ಫೇಲು. ಈ ವರ್ಷ ಬಿಡಿಸಿ ಕೆಲಸಕ್ಕೆ ಹಾಕೋಣ ಅಂತಿದೀನಿ.” ಇದು ಅವರೊಬ್ಬರ ಮನೆಯ ಮಾತಲ್ಲ. ಇಲ್ಲಿ ಕೂತ ಅನೇಕರ ಮನೆಯ ಮಾತು.

ಕುಂಭಕೋಣದಲ್ಲಿ ಜವಳಿ ಅಂಗಡಿಯ ಗುಮಾಸ್ತರೊಬ್ಬರ ಮಗನಿದ್ದ. 1904ರಲ್ಲಿ ವಿದ್ಯಾರ್ಥಿವೇತನ ಪಡೆದು ಕಾಲೇಜು ಸೇರಿದ. ಗಣಿತವೊಂದನ್ನು ಬಿಟ್ಟು ಬೇರೆ ಯಾವುದರಲ್ಲೂ ಅವನಿಗೆ ಮನಸ್ಸಿಲ್ಲ. ಇಂಗ್ಲಿಷಿನಲ್ಲಿ ಫೇಲಾದ, ವೇತನ ಹೋಯಿತು. ಮುಂದೆ ಮದರಾಸಿನಲ್ಲಿ ಎಫ್.ಎ. ಪರೀಕ್ಷೆಯೂ ದಾಟಲಿಲ್ಲ. ಆಗ ಕಲೆಕ್ಟರ್ ರಾಮಚಂದ್ರರಾಯರು ತಿಂಗಳಿಗೆ 25 ರೂಪಾಯಿ ಕೊಟ್ಟು ಕೈಹಿಡಿದರು. 1912ರಲ್ಲಿ ಬಂದರು ಕಚೇರಿಯ ಗುಮಾಸ್ತಿಕೆ ಸಿಕ್ಕಿತು. 1918ರಲ್ಲಿ ಅದೇ ಹುಡುಗ ಲಂಡನ್ನಿನ ರಾಯಲ್ ಸೊಸೈಟಿಯ ಸದಸ್ಯ. ಅವರೇ ಶ್ರೀನಿವಾಸ ರಾಮಾನುಜನ್.

ಒಬ್ಬ ರಾಮಾನುಜನ್ ಕಣ್ಣಿಗೆ ಬಿದ್ದರು. ಬೀಳದೆ ಹೋದವರೆಷ್ಟು ಮಂದಿ?

ಒಬ್ಬನನ್ನು ನಾವೇ ಬಲ್ಲೆವು. ನಾವು ಮೇಷ್ಟರಾಗಿದ್ದಾಗ ಓದಲು ತಡವರಿಸುತ್ತಿದ್ದ ಹುಡುಗನನ್ನು ಹಿಂದಿನ ಸಾಲಿಗೆ ತಳ್ಳಿದೆವು. ಶಾಲೆಯ ಕೆಟ್ಟ ಗಡಿಯಾರವನ್ನು ಬಿಚ್ಚಿ ಸರಿಮಾಡಿಕೊಟ್ಟವನು ಅವನೇ. ಆಗಲೂ ನಮ್ಮ ಕಣ್ಣು ತೆರೆಯಲಿಲ್ಲ. ಏಳನೆಯ ತರಗತಿಯಲ್ಲಿ ಶಾಲೆ ಬಿಟ್ಟ. ಅವನನ್ನು ದಡ್ಡನೆಂದ ಬಾಯಿ ನಮ್ಮದು.

ಚುರುಕು ಹುಡುಗ ಹಿಂದೆ ಬೀಳಲು ಕಾರಣಗಳುಂಟು. ಕಣ್ಣು ಮಂಜಾಗಿದ್ದರೆ ಬೋರ್ಡು ಕಾಣದು. ಕಿವಿ ಮಂದವಾಗಿದ್ದರೆ ಪಾಠ ಕೇಳದು. ಬಲ್ಲದ್ದನ್ನೇ ಮತ್ತೆ ಮತ್ತೆ ಹೇಳಿದರೆ ಬೇಸರ ಬಂದೀತು. ಡಿಸ್ಲೆಕ್ಸಿಯಾ ಎಂಬ ತೊಂದರೆಯಲ್ಲಿ ಬುದ್ಧಿಯಿದ್ದೂ ಅಕ್ಷರ ಕೂಡಿಸಿ ಓದುವುದು ಕಷ್ಟ. ಅದು ಸೋಮಾರಿತನವಲ್ಲ, ಬೆತ್ತಕ್ಕೆ ಹೋಗುವುದೂ ಅಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆ ಇಂಥ ಕಲಿಕೆಯ ತೊಂದರೆಯನ್ನೂ ಒಪ್ಪಿದೆ. ವೈದ್ಯರ ಸರ್ಟಿಫಿಕೇಟ್ ಇದ್ದರೆ ಪರೀಕ್ಷೆಯಲ್ಲಿ ಹೆಚ್ಚು ಸಮಯ ಕೇಳಬಹುದು.

ಆದ್ದರಿಂದ ಮೊದಲು ಸರ್ಕಾರಿ ಆಸ್ಪತ್ರೆಯಲ್ಲಿ ಕಣ್ಣು, ಕಿವಿ ತೋರಿಸಿ. ಆಮೇಲೆ ಮೇಷ್ಟರನ್ನು ಕಾಣಿ. ಅಂಕ ಎಷ್ಟೆಂದು ಕೇಳಬೇಡಿ. ಎಲ್ಲಿ ತೊಡಕುತ್ತಾನೆ, ಯಾವುದರಲ್ಲಿ ಮುಂದೆ ಓಡುತ್ತಾನೆ ಎಂದು ಕೇಳಿ. ಅವನಿಗೆ ಹಿಡಿಸಿದ ಕೆಲಸವನ್ನು ಶಿಕ್ಷೆಯೆಂದು ಕಿತ್ತುಕೊಳ್ಳಬೇಡಿ. ಒಂದು ಪಾಳಿಯ ಕೂಲಿ ಹೋಗುವ ಕಷ್ಟ ನಮಗೆ ಗೊತ್ತು. ನೀವು ಹೋಗಲಾರದ ದಿನ ನಮ್ಮಲ್ಲೊಬ್ಬರು ಹೋಗುತ್ತೇವೆ. ಅರ್ಜಿ ಬರೆಯುವುದಿದ್ದರೆ ಬರೆದುಕೊಡುತ್ತೇವೆ.

ಇದರಲ್ಲಿ ಯಾರ ದಾಕ್ಷಿಣ್ಯವೂ ಇಲ್ಲ. 6ರಿಂದ 14 ವರ್ಷದ ಮಕ್ಕಳಿಗೆ ಉಚಿತ ಶಿಕ್ಷಣ 2009ರ ಕಾಯಿದೆ ಕೊಟ್ಟ ಹಕ್ಕು. ಉಳ್ಳವರ ಮಗ ಫೇಲಾದರೆ ಮನೆಪಾಠದ ಮೇಷ್ಟರು ಬರುತ್ತಾರೆ. ನಮ್ಮ ಮಗ ಫೇಲಾದರೆ ಕೈಗೆ ತಕ್ಕಡಿ ಬರುತ್ತದೆ. ಈ ಭೇದ ಅಳಿಯಬೇಕು. ಹುಡುಗ ರಾಮಾನುಜನ್ ಆಗದಿದ್ದರೂ ಅವನ ಹಕ್ಕು ಕಡಿಮೆಯಾಗುವುದಿಲ್ಲ.

ಆ ಸಂಗಾತಿಗೆ ನಾವು ಹೇಳುವುದಿಷ್ಟೆ: ಈ ವರ್ಷ ಬಿಡಿಸಬೇಡಿ. ನಾಳೆ ಬೆಳಿಗ್ಗೆ ನಿಮ್ಮ ಜೊತೆ ಶಾಲೆಗೆ ನಾವೂ ಬರುತ್ತೇವೆ.