ನಿಮ್ಮೂರಿಗೆ ನೆಂಟರು ಬಂದಾಗ



ದೂರದ ಊರಿನ ನೆಂಟರೊಬ್ಬರು ಮಂಚೇನಹಳ್ಳಿಯಲ್ಲಿ ಬಸ್ಸಿಳಿದು, ‘ಇಲ್ಲಿ ನೋಡುವಂಥದ್ದು ಏನಿದೆ?’ ಎಂದು ನಿಮ್ಮನ್ನು ಕೇಳಿದರೆನ್ನಿ. ನಿಮ್ಮಲ್ಲಿ ಬಹಳ ಮಂದಿ, ‘ನಂದಿ ಬೆಟ್ಟಕ್ಕೆ ಹೋಗಿ ಬನ್ನಿ’ ಎಂದು ಕೈ ತೋರಿಸಿ ಸುಮ್ಮನಾಗುತ್ತೀರಿ. ನಿಮ್ಮ ವಯಸ್ಸಿನಲ್ಲಿ ನಾನೂ ಅದನ್ನೇ ಹೇಳುತ್ತಿದ್ದೆ.

ಆಫ್ರಿಕಾ ಖಂಡದ ಬೋಟ್ಸ್ವಾನಾ ದೇಶದಲ್ಲಿ ಸೆರೋವೆ ಎಂಬ ಊರಿದೆ. ಮೂರನೆಯ ಖಾಮಾ ಎಂಬ ಅರಸ 1902ರಲ್ಲಿ ತನ್ನ ಜನರನ್ನು ಕರೆತಂದು ನೆಲೆಸಿದ ಊರು. ಆತನ ಹೆಸರಿನಲ್ಲಿ ಒಂದು ವಸ್ತುಸಂಗ್ರಹಾಲಯವಿದೆ, ಗುಡ್ಡದ ಮೇಲೆ ಸಮಾಧಿಯಿದೆ. ಆದರೆ ಇಂಥ ತ್ಸ್ವಾನಾ ಊರುಗಳಲ್ಲಿ ಪ್ರವಾಸಿ ತಪ್ಪದೆ ನೋಡಬೇಕಾದ ಜಾಗ ಇನ್ನೊಂದು. ಅದರ ಹೆಸರು ಖೋಟ್ಲ. ಮರದ ಗೂಟಗಳನ್ನು ಅರ್ಧಚಂದ್ರಾಕಾರವಾಗಿ ನೆಟ್ಟ ಒಂದು ಬಯಲು, ಅಷ್ಟೇ. ಕಣ್ಣಿಗೆ ವಿಶೇಷವೇನೂ ಕಾಣದು. ಊರಿನ ಮುಖ್ಯಸ್ಥ ಅಲ್ಲಿ ಕುಳಿತು ವ್ಯಾಜ್ಯ ತೀರಿಸುತ್ತಾನೆ, ಜನರ ಮಾತನ್ನು ಕೇಳುತ್ತಾನೆ. ಒಳಗೆ ಹೋಗುವ ಗಂಡಸರು ಟೋಪಿ ತೆಗೆಯುತ್ತಾರೆ. ಜನ ಸೇರಿ ಮಾತನಾಡುವ ಜಾಗವೇ ಅವರಿಗೆ ನೆಂಟರಿಗೆ ತೋರಿಸುವಂಥ ಜಾಗ!

ನಮ್ಮ ಕಡೆ ಅಂಥ ಜಾಗ ಯಾವುದು? ಹುಡುಕಬೇಕಾದರೆ ಉತ್ತರ ಪಿನಾಕಿನಿಯ ಜಾಡು ಹಿಡಿದು ಹೊರಡೋಣ. ನಂದಿ ಬೆಟ್ಟದ ಸಾಲಿನಲ್ಲಿ ಹುಟ್ಟುವ ಈ ನದಿ ನಿಮ್ಮ ಸೀಮೆಯನ್ನು ಹಾದು ಗೌರಿಬಿದನೂರಿನತ್ತ ಸಾಗಿ, ಆಂಧ್ರವನ್ನು ಸೇರಿ, 597 ಕಿಲೋಮೀಟರು ನಡೆದು ನೆಲ್ಲೂರಿನ ಆಚೆ ಸಮುದ್ರ ಮುಟ್ಟುತ್ತದೆ. ನದಿ ಎಂದೆನೇ ಹೊರತು ನೀರು ಎನ್ನಲಿಲ್ಲ. ವರ್ಷದ ಬಹುಕಾಲ ಅಲ್ಲಿ ಇರುವುದು ಮರಳೇ. ಬೆಟ್ಟದ ಬುಡದ ನಂದಿ ಗ್ರಾಮದಲ್ಲಿ ಭೋಗನಂದೀಶ್ವರ, ಅರುಣಾಚಲೇಶ್ವರ ದೇವಾಲಯಗಳಿವೆ. 9ನೆಯ ಶತಮಾನದಷ್ಟು ಹಳೆಯವು. ಅವುಗಳ ಬಗ್ಗೆ ಪುಸ್ತಕಗಳಿವೆ, ಓದಿಕೊಳ್ಳಿ. ಮುದ್ದೇನಹಳ್ಳಿಯಲ್ಲಿ ವಿಶ್ವೇಶ್ವರಯ್ಯನವರು ಹುಟ್ಟಿದ ಮನೆಯನ್ನು ನೀವು ಶಾಲೆಯ ಪ್ರವಾಸದಲ್ಲಿ ನೋಡಿಯೇ ಇರುತ್ತೀರಿ.

ಗೌರಿಬಿದನೂರಿನ ಬಳಿ ಮಾತ್ರ ಸ್ವಲ್ಪ ನಿಲ್ಲುತ್ತೇನೆ. ವಿಜ್ಞಾನದ ವಿದ್ಯಾರ್ಥಿಯಾಗಿದ್ದವನ ಚಪಲ ಎನ್ನಿ. ಅಲ್ಲಿ 1976ರಲ್ಲಿ ಒಂದು ರೇಡಿಯೋ ದೂರದರ್ಶಕ ಕೆಲಸ ಆರಂಭಿಸಿತು. ರಾಮನ್ ಸಂಶೋಧನಾ ಸಂಸ್ಥೆ ಮತ್ತು ಭಾರತೀಯ ಖಭೌತ ಸಂಸ್ಥೆ ಕೂಡಿ ಕಟ್ಟಿದ್ದು. ಮಸೂರವಿಲ್ಲ, ಗುಮ್ಮಟವಿಲ್ಲ, ಇಂಗ್ಲಿಷಿನ ‘ಟಿ’ ಅಕ್ಷರದ ಹಾಗೆ ಹರಡಿದ ಕಂಬಗಳು, ತಂತಿಗಳು. ಪೂರ್ವ-ಪಶ್ಚಿಮವಾಗಿ ಅದರ ಉದ್ದ ಸುಮಾರು 1.4 ಕಿಲೋಮೀಟರು. ಆಕಾಶದಿಂದ ಬರುವ ದೀರ್ಘ ತರಂಗಗಳು ಎಷ್ಟು ಉದ್ದವೆಂದರೆ ಅವನ್ನು ಹಿಡಿಯಲು ಕನ್ನಡಿ ಸಾಲದು, ಹೊಲದಷ್ಟು ಜಾಗ ಬೇಕು. 1997ರಿಂದ ಅಲ್ಲಿಯೇ ಇನ್ನೊಂದು ಉಪಕರಣ ಸೂರ್ಯನ ಹೊರಕವಚವಾದ ಕರೋನಾವನ್ನು ರೇಡಿಯೋ ಅಲೆಗಳಲ್ಲಿ ಗಮನಿಸತೊಡಗಿತು. ಮೊದಲ ಸಲ ಇದನ್ನೆಲ್ಲ ನೋಡಿದಾಗ, ‘ಬಟ್ಟೆ ಒಣಹಾಕುವ ತಂತಿಯ ಹಾಗಿದೆಯಲ್ಲ!’ ಎಂದು ಗೆಳೆಯರು ನಕ್ಕೆವು.

ಅದೇ ದಿನ ಮಧ್ಯಾಹ್ನ, ಬುತ್ತಿ ಬಿಚ್ಚಲು ನೆರಳು ಹುಡುಕುತ್ತ ಹತ್ತಿರದ ವಿದುರಾಶ್ವತ್ಥಕ್ಕೆ ಹೋದೆವು. ಮಹಾಭಾರತದ ವಿದುರ ನೆಟ್ಟದ್ದೆಂದು ಜನ ನಂಬುವ ಅರಳಿಮರ ಆಗ ಇನ್ನೂ ನಿಂತಿತ್ತು. ಅದು ಉರುಳಿದ್ದು 2001ರಲ್ಲಿ. ಮಕ್ಕಳಿಗಾಗಿ ಹರಕೆ ಹೊತ್ತವರು ತಂದು ನಿಲ್ಲಿಸಿದ ನಾಗರಕಲ್ಲುಗಳು ಸಾಲುಸಾಲಾಗಿದ್ದವು. ನೋಡಿದೆವು, ಪುಳಿಯೋಗರೆ ತಿಂದೆವು, ಬಸ್ಸು ಹತ್ತಿದೆವು.

ಎಷ್ಟೋ ವರ್ಷಗಳ ನಂತರ ಕ್ಯಾಮೆರಾ ತಂಡದೊಡನೆ ಮತ್ತೆ ಹೋದೆ. ಆಗಲೂ ನಾಗರಕಲ್ಲುಗಳನ್ನೇ ಚಿತ್ರೀಕರಿಸಿ, ಸಾಮಾನು ಕಟ್ಟುತ್ತಿದ್ದೆವು. ಬಾಳೆಹಣ್ಣು ಮಾರುತ್ತಿದ್ದ ಅಜ್ಜಿಯೊಬ್ಬರು ಕರೆದು, ‘ಏನಪ್ಪಾ, ಕಲ್ಲು ನೋಡಿದ್ರಿ, ಗುಡಿ ನೋಡಿದ್ರಿ. ಆ ಕಡೆ ಹೆಸ್ರು ಬರ್ದವ್ರೆ, ಅದನ್ನ ಓದಲ್ವಾ?’ ಎಂದರು.

ಅವರು ಹೇಳಿದ್ದು ಹುತಾತ್ಮರ ಸ್ಮಾರಕವನ್ನು. 1938ರ ಏಪ್ರಿಲ್ 25. ಅದೇ ತಿಂಗಳು ಮದ್ದೂರಿನ ಬಳಿಯ ಶಿವಪುರದಲ್ಲಿ ಧ್ವಜ ಸತ್ಯಾಗ್ರಹ ನಡೆದಿತ್ತು. ಕಾಂಗ್ರೆಸ್ ಬಾವುಟ ಹಾರಿಸಕೂಡದು, ಸಭೆ ಸೇರಕೂಡದು ಎಂಬ ನಿಷೇಧವನ್ನು ಮೀರಿ ಸುತ್ತಲ ಹಳ್ಳಿಗಳ ಜನ ವಿದುರಾಶ್ವತ್ಥದಲ್ಲಿ ಸೇರಿದರು. ಮೈಸೂರು ಸಂಸ್ಥಾನದ ಪೊಲೀಸರು ಗುಂಡು ಹಾರಿಸಿದರು. ಸತ್ತವರು ಮೂವತ್ತಕ್ಕೂ ಹೆಚ್ಚು ಎಂಬುದು ಜನರ ಲೆಕ್ಕ. ಸರ್ಕಾರ ಒಪ್ಪಿದ್ದು ಅದಕ್ಕಿಂತ ಬಹಳ ಕಡಿಮೆ. ವೇಪಾ ರಾಮೇಶಂ ಅವರ ನೇತೃತ್ವದಲ್ಲಿ ವಿಚಾರಣೆಯಾಯಿತು. ಸರ್ದಾರ್ ಪಟೇಲರೂ ಆಚಾರ್ಯ ಕೃಪಲಾನಿಯವರೂ ಬೆಂಗಳೂರಿಗೆ ಬಂದು ದಿವಾನ್ ಮಿರ್ಜಾ ಇಸ್ಮಾಯಿಲರೊಡನೆ ಮಾತುಕತೆ ನಡೆಸಿದ ಮೇಲೆ, ಸಂಸ್ಥಾನದ ಧ್ವಜದ ಜೊತೆಗೆ ಕಾಂಗ್ರೆಸ್ ಬಾವುಟ ಹಾರಿಸಲು ಒಪ್ಪಿಗೆ ದೊರೆಯಿತು. ಜಲಿಯನ್‌ವಾಲಾ ಬಾಗನ್ನು ಪರೀಕ್ಷೆಗಾಗಿ ಬಾಯಿಪಾಠ ಮಾಡಿದ್ದ ನಾನು, ‘ಕರ್ನಾಟಕದ ಜಲಿಯನ್‌ವಾಲಾ ಬಾಗ್’ ಎನಿಸಿಕೊಂಡ ಜಾಗದಲ್ಲಿ ಬುತ್ತಿ ತಿಂದು ಎದ್ದು ಬಂದಿದ್ದೆ!

ಸೆರೋವೆಯ ಬಯಲಿನಲ್ಲಿ ಜನ ಸೇರುವುದು ಸಂಪ್ರದಾಯ. ಇಲ್ಲಿ ಸೇರಿದ್ದು ಅಪರಾಧವಾಯಿತು. ಆದ್ದರಿಂದ ನೆಂಟರು ಬಂದರೆ ನೀವು ಮೊದಲು ಕರೆದೊಯ್ಯಬೇಕಾದ್ದು ಇಲ್ಲಿಗೇ ಎಂಬುದು ನನ್ನ ಅಭಿಪ್ರಾಯ. ನಂದಿ ಬೆಟ್ಟ ಎಲ್ಲಿಗೂ ಓಡಿಹೋಗುವುದಿಲ್ಲ. ಅಂದಿನದನ್ನು ಕಣ್ಣಾರೆ ಕಂಡವರು ಈಗ ಸಿಗುವುದು ದುರ್ಲಭ. ಅವರಿಂದ ಕೇಳಿದ ಮಕ್ಕಳು, ಮೊಮ್ಮಕ್ಕಳು ಇದ್ದಾರೆ. ಹೋಗುವಾಗ ಒಂದು ನೋಟ್‌ಪುಸ್ತಕ ಇಟ್ಟುಕೊಳ್ಳಿ. ಹೇಳುವವರು ಕನ್ನಡದಲ್ಲಿ ಆರಂಭಿಸಿ ನಡುವೆ ತೆಲುಗಿಗೆ ಜಾರುತ್ತಾರೆ; ನಿಮ್ಮ ಸೀಮೆಯವರಿಗೆ ಅದೇನೂ ತೊಡಕಲ್ಲ. ಯಾವ ಹಳ್ಳಿಯಿಂದ ಎಷ್ಟು ಜನ ಹೋಗಿದ್ದರು, ಹೇಗೆ ಹೋದರು, ಮನೆಗೆ ಸುದ್ದಿ ಮುಟ್ಟಿದ್ದು ಯಾವಾಗ ಎಂದು ಕೇಳಿ. ಒಬ್ಬರು ಹೇಳಿದ್ದನ್ನು ಇನ್ನೊಬ್ಬರ ಮಾತಿನೊಡನೆ ಹೋಲಿಸಿ ನೋಡಿ. ಪ್ರಯೋಗಶಾಲೆಯಲ್ಲಿ ಒಂದೇ ಅಳತೆಯನ್ನು ಮೂರು ಸಲ ತೆಗೆಯುತ್ತೀರಲ್ಲವೇ?

ಅಂದು ನಾವು ಕಟ್ಟಿದ ಸಾಮಾನನ್ನು ಮತ್ತೆ ಬಿಚ್ಚಿದೆವು. ಬೆಳಕು ಇಳಿಯುತ್ತಿತ್ತು. ಕ್ಯಾಮೆರಾ ಹಿಡಿದವರು ಒಂದೊಂದೇ ಹೆಸರಿನ ಮೇಲೆ ನಿಲ್ಲುತ್ತ ಹೋದರು, ನಾನು ಗಟ್ಟಿಯಾಗಿ ಓದಿದೆ. ಅಜ್ಜಿ ಬುಟ್ಟಿಯನ್ನು ತಲೆಯ ಮೇಲಿಟ್ಟುಕೊಂಡು, ಓದಿ ಮುಗಿಯುವವರೆಗೂ ನಿಂತಿದ್ದರು.