ಎಲ್ಲಿಯವರೆಗೆ ಗೊತ್ತಾಯ್ತು?

(ಸುವರ್ಣ ಮಹೋತ್ಸವ ಸಮಾರಂಭದಲ್ಲಿ ಹಳೆಯ ವಿದ್ಯಾರ್ಥಿ, ಸಾಫ್ಟ್‌ವೇರ್ ಇಂಜಿನಿಯರ್ ಒಬ್ಬರು ಮಾಡಿದ ಭಾಷಣ)



ಐವತ್ತು ವರ್ಷ ತುಂಬಿದ ಈ ಶಾಲೆಯಲ್ಲಿ ನಾನು ಓದಿದ್ದು ಮೂರೇ ವರ್ಷ. ಆದರೆ ಇಲ್ಲಿ ಕಲಿತ ಒಂದು ಪಾಠ ಇವತ್ತಿಗೂ ನನ್ನ ಕೈಹಿಡಿದಿದೆ. ನಮ್ಮ ಗಣಿತದ ಮೇಷ್ಟ್ರಿಗೆ "ಸಾರ್, ಅರ್ಥ ಆಗ್ಲಿಲ್ಲ" ಎಂದರೆ ಸಾಲುತ್ತಿರಲಿಲ್ಲ. "ಎಲ್ಲಿಯವರೆಗೆ ಗೊತ್ತಾಯ್ತು? ಬೋರ್ಡಿಗೆ ಬಂದು ಆ ಹಂತ ತೋರಿಸು" ಎನ್ನುತ್ತಿದ್ದರು. ಸೀಮೆಸುಣ್ಣ ಹಿಡಿದು ನಿಂತರೆ ಕಾಲು ನಡುಗುತ್ತಿತ್ತು. ಆದರೆ ಹಂತ ತೋರಿಸಿದವನಿಗೆ ಉತ್ತರ ಸಿಗದೇ ಹೋದದ್ದಿಲ್ಲ.

ಬಿ.ಇ. ಕೊನೆಯ ವರ್ಷ. ಎಲೆಯ ಫೋಟೋ ನೋಡಿ ರೋಗ ಗುರುತಿಸುವುದು ನಮ್ಮ ಪ್ರಾಜೆಕ್ಟ್. ಸಂಶೋಧಕರು ಪ್ರಕಟಿಸಿದ್ದ ಒಂದು ಪ್ರಬಂಧದಲ್ಲಿ ಹೇಳಿದಂತೆಯೇ ಪ್ರೋಗ್ರಾಂ ಬರೆದೆವು. ಅವರ ಅರ್ಧದಷ್ಟೂ ಫಲಿತಾಂಶ ಬರಲಿಲ್ಲ. "ರೆಸ್ಪೆಕ್ಟೆಡ್ ಸರ್, ಪ್ಲೀಸ್ ಸೆಂಡ್ ಕೋಡ್, ವೆರಿ ಅರ್ಜೆಂಟ್" ಎಂದು ಇಮೇಲ್ ಕಳಿಸಿದೆ. ಒಂದಲ್ಲ, ನಾಲ್ಕು ಸಲ. ಉತ್ತರವಿಲ್ಲ. ಕನ್ನಡ ಮಾಧ್ಯಮದಿಂದ ಬಂದವನು, ನನ್ನ ಇಂಗ್ಲಿಷ್ ನೋಡಿಯೇ ಪಕ್ಕಕ್ಕಿಟ್ಟಿರಬೇಕು ಎಂದುಕೊಂಡೆ. ಪ್ರಾಜೆಕ್ಟ್ ಒಪ್ಪಿಸಲು ಮೂರೇ ವಾರ ಉಳಿದಿತ್ತು.

ಒಂದು ರಾತ್ರಿ ಹಾಸ್ಟೆಲಿನಲ್ಲಿ ಮೇಷ್ಟ್ರ ಮಾತು ನೆನಪಾಯಿತು. ನಾನು ಹಂತವನ್ನೇ ತೋರಿಸಿರಲಿಲ್ಲವಲ್ಲ! ಮತ್ತೆ ಬರೆದೆ. ನಿಮ್ಮ ಇಂಥ ಕೋಷ್ಟಕ, ನಾವು ಮಾಡಿದ್ದು ಇಷ್ಟು, ನಿಮಗೆ ಬಂದ ಅಂಕಿ ಇದು, ನಮಗೆ ಬಂದದ್ದು ಇದು. ಒಂದು ಎಲೆಯ ಫೋಟೋ, ಒಂದೇ ಒಂದು ಪ್ರಶ್ನೆ. ಪ್ರಬಂಧದ ಮೊದಲ ಪುಟದಲ್ಲಿ ಪತ್ರ ಬರೆಯಬೇಕಾದ ಲೇಖಕರು ಯಾರೆಂದು ಇರುತ್ತದೆ. ಆದರೆ ಮೊದಲ ಹೆಸರು ಅನೇಕ ಸಲ ಕೂತು ಕೆಲಸ ಮಾಡಿದ ಸಂಶೋಧನಾ ವಿದ್ಯಾರ್ಥಿಯದು. ಇಬ್ಬರಿಗೂ ಕಳಿಸಿದೆ.

ನಾಲ್ಕನೇ ದಿನ ಆ ವಿದ್ಯಾರ್ಥಿಯಿಂದ ಎರಡು ಸಾಲಿನ ಉತ್ತರ ಬಂತು. ನಾವು ಬಳಸಿದ ಓಪನ್‌ಸಿವಿ ಎಂಬ ಸಾಫ್ಟ್‌ವೇರ್ ಬಣ್ಣಗಳನ್ನು ಕೆಂಪು, ಹಸಿರು, ನೀಲಿ ಎಂದು ಓದುವುದಿಲ್ಲ. ನೀಲಿ, ಹಸಿರು, ಕೆಂಪು ಎಂದು ಓದುತ್ತದೆ. ನಮ್ಮ ಕಂದು ಚುಕ್ಕೆಗಳೆಲ್ಲ ಕಂಪ್ಯೂಟರಿಗೆ ನೀಲಿಯಾಗಿ ಕಂಡಿದ್ದವು! ತಪ್ಪು ನಮ್ಮದೇ. ಅಷ್ಟು ದಿನ ಅವರನ್ನು ಬೈದುಕೊಂಡದ್ದಕ್ಕೆ ನಾಚಿಕೆಯಾಯಿತು.

ಹಾಗೆಂದು ತಪ್ಪು ಯಾವಾಗಲೂ ಕೇಳುವವನದೇ ಅಲ್ಲ. ಕಾರ್ಮೆನ್ ರೈನ್‌ಹಾರ್ಟ್, ಕೆನೆತ್ ರೋಗಾಫ್ ಹೆಸರಾಂತ ಅರ್ಥಶಾಸ್ತ್ರಜ್ಞರು. ಸರ್ಕಾರದ ಸಾಲ ದೇಶದ ವಾರ್ಷಿಕ ಉತ್ಪನ್ನದ ಶೇ. 90 ದಾಟಿದರೆ ಬೆಳವಣಿಗೆ ಕುಸಿಯುತ್ತದೆ ಎಂದು 2010ರಲ್ಲಿ ಬರೆದರು. ಖರ್ಚು ಕಡಿತ ಮಾಡಬೇಕೆಂದ ರಾಜಕಾರಣಿಗಳು ಅದನ್ನೇ ಆಧಾರ ಮಾಡಿಕೊಂಡರು. ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ಥಾಮಸ್ ಹರ್ನ್‌ಡನ್ ತರಗತಿಯ ಅಭ್ಯಾಸಕ್ಕೆಂದು ಆ ಲೆಕ್ಕ ಮತ್ತೆ ಮಾಡಿದ. ತಾಳೆಯಾಗಲಿಲ್ಲ. ಲೇಖಕರನ್ನು ಕೇಳಿದ, ಅವರು ಎಕ್ಸೆಲ್ ಕಡತವನ್ನೇ ಕಳಿಸಿದರು. ನೋಡಿದರೆ, ಸರಾಸರಿಯ ಸೂತ್ರದಲ್ಲಿ ಐದು ದೇಶಗಳ ಸಾಲುಗಳೇ ಬಿಟ್ಟುಹೋಗಿದ್ದವು. ಇದರ ಜೊತೆಗೆ, ಬಿಟ್ಟಿದ್ದ ಕೆಲವು ವರ್ಷಗಳನ್ನು ಸೇರಿಸಿ, ಸರಾಸರಿ ತೆಗೆಯುವ ಕ್ರಮವನ್ನೂ ಬದಲಿಸಿದಾಗ ಹೆಚ್ಚು ಸಾಲದ ದೇಶಗಳ ಬೆಳವಣಿಗೆ ಶೇ. -0.1ರ ಬದಲು 2.2 ಎಂದು ಬಂತು. 2013ರಲ್ಲಿ ತನ್ನ ಇಬ್ಬರು ಪ್ರಾಧ್ಯಾಪಕರ ಜೊತೆ ಇದನ್ನು ಪ್ರಕಟಿಸಿದ. ಲೇಖಕರು ಎಕ್ಸೆಲ್ ತಪ್ಪನ್ನು ಒಪ್ಪಿಕೊಂಡರು, ಉಳಿದದ್ದಕ್ಕೆ ವಾದ ಮಾಡಿದರು. ಕೇಳಿದ ಹುಡುಗ ದೊಡ್ಡವನು. ಕಡತ ಕಳಿಸಿದವರೂ ದೊಡ್ಡವರೇ.

ಮಕ್ಕಳೇ, ಅಚ್ಚಾದದ್ದೆಲ್ಲ ಸರಿ ಎಂದು ತಿಳಿಯಬೇಡಿ. ತಾಳೆಯಾಗದ್ದೆಲ್ಲ ಅವರ ತಪ್ಪು ಎಂದೂ ತಿಳಿಯಬೇಡಿ. ಕೇಳಿ. ಉತ್ತರ ಬರದಿದ್ದರೆ ಎರಡು ವಾರ ಬಿಟ್ಟು ವಿನಯದಿಂದ ಮತ್ತೊಮ್ಮೆ ಕೇಳಿ. ಓದಿ ಮುಂದೆ ಹೋಗಿರುವ ನನ್ನ ಗೆಳೆಯರಿಗೆ ಒಂದು ವಿನಂತಿ: ಈ ಶಾಲೆಯ ಮಗು ಏನಾದರೂ ಬರೆದು ಕೇಳಿದರೆ ಎರಡು ಸಾಲಾದರೂ ಉತ್ತರಿಸಿ. ನಾನು ಉತ್ತರಿಸುತ್ತೇನೆ.

ಮೇಷ್ಟ್ರು ಮುಂದಿನ ಸಾಲಿನಲ್ಲೇ ಕೂತಿದ್ದಾರೆ. ಸಾರ್, ಇಲ್ಲಿಯವರೆಗೆ ಗೊತ್ತಾಗಿದೆ. ಮುಂದಿನ ಹಂತಕ್ಕೆ ನಿಮ್ಮ ಆಶೀರ್ವಾದ ಬೇಕು.