ರಾತ್ರಿ ಶಾಲೆಯ ಕಾಲ್ಚೆಂಡು ತಂಡ
(ಸಂಘದ ಸಭೆಯಲ್ಲಿ ಮಾಡಿದ ಭಾಷಣ)



ಕಾರ್ಯದರ್ಶಿಗಳು ಮಾತನಾಡಬೇಕೆಂದು ಹೇಳಿಕಳುಹಿಸಿದಾಗ ಸಂಬಳ, ಬೋನಸ್ಸುಗಳ ವಿಷಯವೇ ಇರಬೇಕೆಂದು ನಾವು ಕಾಗದಪತ್ರ ಹಿಡಿದುಕೊಂಡು ಬಂದೆವು. “ಅದು ಮುಂದಿನ ತಿಂಗಳು. ಈ ಸಲ ಹುಡುಗರ ಕಾಲ್ಚೆಂಡಿನ ಸಂಗತಿ ಹೇಳಿ” ಎಂದರು. ನಾವು ಏಳನೆಯ ತರಗತಿಗಿಂತ ಮುಂದೆ ಓದಿದವರಲ್ಲ. ಭಾಷೆಯಲ್ಲಿ ತಪ್ಪು ಬಂದರೆ ಕ್ಷಮಿಸಬೇಕು. ಆಟದ ವಿಷಯದಲ್ಲಿ ತಪ್ಪು ಹೇಳಿದರೆ ಮಾತ್ರ ಕ್ಷಮಿಸಬೇಡಿ, ಅಲ್ಲೇ ಎದ್ದು ನಿಂತು ತಿದ್ದಿರಿ.

2024ರ ಜೂನ್ ತಿಂಗಳಲ್ಲಿ ನಮ್ಮ ರಾತ್ರಿ ಹೈಸ್ಕೂಲಿನ ಹೆಡ್ ಮಾಸ್ತರರು ನಮ್ಮನ್ನು ಕರೆಸಿದರು. ಮಳೆಗಾಲದ ಶಾಲಾ ಪಂದ್ಯಗಳಿಗೆ ಹೆಸರು ಕೊಟ್ಟಾಗಿತ್ತು. ಹುಡುಗರು ಹದಿಮೂರು ಮಂದಿ, ಎಲ್ಲರೂ ಹದಿನಾರು ಹದಿನೇಳರವರು. ಚೆಂಡು ಒಂದು. ಕಲಿಸುವವರು ಯಾರೂ ಇಲ್ಲ. ಚಿಕ್ಕಂದಿನಲ್ಲಿ ಕುಂದಾಪುರದ ಕಡೆ ಕೊಯ್ಲಾದ ಗದ್ದೆಗಳಲ್ಲೂ ಆಮೇಲೆ ಈ ಮುಂಬಯಿಯ ಮೈದಾನಗಳಲ್ಲೂ ಆಡಿದ್ದೇವೆಂಬುದೊಂದೇ ನಮ್ಮ ಯೋಗ್ಯತೆ. ಒಪ್ಪಿಕೊಂಡೆವು.

ಮಧ್ಯಾಹ್ನದ ಊಟದ ಗಿರಾಕಿಗಳು ಹೋಗಿ ಸಂಜೆಯ ಚಹದ ಗಿರಾಕಿಗಳು ಬರುವ ತನಕ ಹೋಟೆಲಿನಲ್ಲಿ ಸಿಗುವ ಬಿಡುವು ನಿಮಗೆ ಗೊತ್ತೇ ಇದೆ. ಆ ಒಂದು ಗಂಟೆಯೇ ನಮ್ಮ ಅಭ್ಯಾಸದ ಸಮಯ. ಮೊದಲ ದಿನವೇ ಮೈದಾನಕ್ಕೆ ನಾಲ್ಕು ಸುತ್ತು ಓಡಿಸಿದೆವು. ಪುಸ್ತಕ ಓದಿದ ಕೋಚುಗಳು ಹಾಗೆ ಮಾಡುತ್ತಾರೆಂದು ಯಾರೋ ಹೇಳಿದ್ದರು. ಮೂರನೆಯ ದಿನ ಮೋರಿಯಲ್ಲಿ ಪಾತ್ರೆ ತೊಳೆಯುವ ಹುಡುಗನೊಬ್ಬ ನಡುವೆಯೇ ಕುಳಿತುಬಿಟ್ಟ. ಚಪ್ಪಲಿ ಬಿಚ್ಚಿಸಿ ನೋಡಿದರೆ ಬೆರಳ ಸಂದಿಯಲ್ಲೆಲ್ಲ ಚರ್ಮ ಬೆಳ್ಳಗಾಗಿ ಸುಲಿದಿತ್ತು. ಮುಂಜಾನೆ ಆರರಿಂದ ನೀರಿನಲ್ಲಿ ನಿಂತ ಕಾಲು ಅದು. ನಾವೂ ಅದೇ ಮೋರಿಯಲ್ಲಿ ನಿಂತು ಬಂದವರು, ಆದರೂ ಮರೆತಿದ್ದೆವು! ಬೆಳಗಿನಿಂದ ನಿಂತೇ ಇದ್ದವನಿಗೆ ಓಟ ಕಲಿಸುವುದೇನು? ಅಂದಿನಿಂದ ಸುತ್ತು ಹಾಕಿಸುವುದನ್ನು ಬಿಟ್ಟೆವು. ಬಂದ ಕೂಡಲೆ ಹತ್ತು ನಿಮಿಷ ಕಾಲು ಮೇಲೆ ಮಾಡಿ ಮಲಗುವುದು, ಕಾಲು ಒರೆಸಿ ಒಣಗಿಸುವುದು, ಆಮೇಲೆ ನಲವತ್ತು ನಿಮಿಷ ಚೆಂಡಿನೊಡನೆ ಆಟ. ದಮ್ಮು ತಾನಾಗಿಯೇ ಬಂತು.

ಕಲಿಸಲು ಹೊರಟರೆ ಎಷ್ಟೋ ವಿಷಯ ಅವರಿಗೆ ಮೊದಲೇ ಗೊತ್ತಿತ್ತು. ಹತ್ತು ಟೇಬಲ್ ನೋಡಿಕೊಳ್ಳುವ ಮಾಣಿ ಒಂದು ಟೇಬಲಿಗೆ ದೋಸೆ ಇಡುವಾಗಲೇ ಇನ್ನೊಂದರಲ್ಲಿ ನೀರು ಮುಗಿದದ್ದನ್ನು ಕಾಣುತ್ತಾನೆ. ನಡು ಮೈದಾನದಲ್ಲಿ ಆಡುವವನಿಗೆ ಬೇಕಾದ ಕಣ್ಣೂ ಅದೇ. “ಚೆಂಡು ನಿನ್ನ ಕಾಲಿಗೆ ಬರುವ ಮೊದಲೇ ಯಾವ ಟೇಬಲಿಗೆ ಕೊಡುವುದೆಂದು ನೋಡಿಕೊ” ಎಂದರೆ ಸಾಕು, ತಿಳಿಯುತ್ತಿತ್ತು. ಆಫ್‌ಸೈಡ್ ಮಾತ್ರ ತಲೆಗೆ ಹೋಗಲಿಲ್ಲ. ಕೊನೆಗೆ ಒಂದು ಸಂಜೆ ಟೇಬಲಿನ ಮೇಲೆ ಲೋಟಗಳನ್ನು ಜೋಡಿಸಿದೆವು. ಚಟ್ನಿ ಬಟ್ಟಲು ಗೋಲ್‌ಕೀಪರು, ಸ್ಟೀಲ್ ಲೋಟ ಎದುರಿನ ಬ್ಯಾಕು, ಗಾಜಿನ ಲೋಟ ನಮ್ಮ ಮುಂದಾಳು. ಎದುರಾಳಿಯ ಅರ್ಧದಲ್ಲಿ, ನಮ್ಮವನು ಚೆಂಡು ಒದೆಯುವ ಕ್ಷಣದಲ್ಲಿ, ಗಾಜಿನ ಲೋಟ ಚೆಂಡಿಗಿಂತಲೂ ಸ್ಟೀಲ್ ಲೋಟಕ್ಕಿಂತಲೂ ಗೋಲಿಗೆ ಹತ್ತಿರವಿದ್ದು ಆಟಕ್ಕೆ ಕೈಹಾಕಿದರೆ ತಪ್ಪು. ಒದ್ದ ಮೇಲೆ ಎಷ್ಟು ಮುಂದೆ ಓಡಿದರೂ ತಪ್ಪಿಲ್ಲ. ಮಾರನೆಯ ದಿನ ಗಲ್ಲಾದ ಮೇಲಿನವರು ಲೋಟಗಳ ಲೆಕ್ಕ ಕೇಳಿದರಂತೆ.

ಮೊದಲ ಪಂದ್ಯಕ್ಕೆ ಬಂದವರು ಒಂಬತ್ತು ಮಂದಿ. ನಾಲ್ವರಿಗೆ ಬಿಡುಗಡೆ ಸಿಗಲಿಲ್ಲ. ಏಳು ಮಂದಿಯಿದ್ದರೆ ಆಟ ಆರಂಭಿಸಬಹುದೆಂದು ನಿಯಮವಿದೆ, ಆರಂಭಿಸಿದೆವು. ಎದುರಿನವರು ಹಗಲು ಶಾಲೆಯವರು. ಹನ್ನೊಂದು ಜೊತೆ ಬೂಟು, ಒಂದೇ ಬಣ್ಣದ ಕಾಲುಚೀಲ. ಆರು ಗೋಲಿನಿಂದ ಸೋತೆವು, ನಮ್ಮದು ಸೊನ್ನೆ.

ಆ ರಾತ್ರಿ ಶಾಲೆ ಬಿಟ್ಟ ಮೇಲೆ ಹುಡುಗರನ್ನು ಕೂರಿಸಿಕೊಂಡು ಹಳೆಯ ಮಾತು ಹೇಳಿದೆವು. 1911ರಲ್ಲಿ ಕಲಕತ್ತೆಯ ಮೋಹನ್ ಬಗಾನ್ ಬ್ರಿಟಿಷ್ ಪಲ್ಟಣದವರನ್ನು ಸೋಲಿಸಿ ಐ.ಎಫ್.ಎ. ಶೀಲ್ಡ್ ಗೆದ್ದಾಗ ಆ ತಂಡದಲ್ಲಿ ಬೂಟು ಹಾಕಿದವನು ಒಬ್ಬನೇ. ನಮ್ಮ ಬೆಂಗಳೂರ ಮುಸ್ಲಿಮ್ಸ್ ತಂಡ 1937ರಲ್ಲಿ ಇದೇ ಮುಂಬಯಿಗೆ ಬಂದು ರೋವರ್ಸ್ ಕಪ್ ಗೆದ್ದುಕೊಂಡು ಹೋಯಿತು, ಮರುವರ್ಷ ಮತ್ತೆ ಬಂದು ಗೆದ್ದಿತು. 1948ರ ಲಂಡನ್ ಒಲಿಂಪಿಕ್ಸಿನಲ್ಲಿ ನಮ್ಮವರಲ್ಲಿ ಬಹುಮಂದಿ ಬರಿಗಾಲಿನಲ್ಲೇ ಆಡಿದರು. ಅಂದು ಫ್ರಾನ್ಸಿನ ಮೇಲೆ ಭಾರತದ ಒಂದು ಗೋಲನ್ನು ಹೊಡೆದವರು ಮೈಸೂರಿನ ಪರವಾಗಿ ಆಡುತ್ತಿದ್ದ ಸಾರಂಗಪಾಣಿ ರಾಮನ್. ಬೆಂಗಳೂರಿನ ಅಹಮದ್ ಖಾನರೂ ಅದೇ ತಂಡದಲ್ಲಿದ್ದರು. ಎರಡು ಪೆನಾಲ್ಟಿ ಕಳೆದುಕೊಂಡು ಒಂದಕ್ಕೆ ಎರಡರಿಂದ ಸೋತರೆಂಬುದನ್ನೂ ಮುಚ್ಚಿಡಲಿಲ್ಲ. ಒಬ್ಬ ಹುಡುಗ ಕೇಳಿದ: “ಅಣ್ಣಾ, ಅವರಿಗೆ ರಜೆ ಯಾರು ಕೊಟ್ಟರು?” ನಾವು ನಕ್ಕೆವು. ಆಗಲೇ ಯೋಚಿಸಬೇಕಾಗಿತ್ತು.

ಎರಡನೆಯ ಪಂದ್ಯ ಒಂದಕ್ಕೊಂದು ಸಮ. ಮೂರನೆಯದರ ಬಗ್ಗೆ ಹೇಳಲಿಕ್ಕೇ ಈ ಹೊತ್ತು ಇಲ್ಲಿ ನಿಂತಿದ್ದೇವೆ.

ನಮ್ಮ ಮುಂದಾಳು ಸಿಂದಗಿ ಕಡೆಯ ಹುಡುಗ. ಎರಡೂ ಕಾಲಿನಲ್ಲಿ ಒದೆಯುತ್ತಿದ್ದ. ಪಂದ್ಯದ ಹಿಂದಿನ ರಾತ್ರಿ ಬಂದು, “ನಾಳೆ ಬಿಡಾಂಗಿಲ್ಲ ಅಂದಾರ್ರೀ” ಎಂದ. ನಾವು ಎರಡು ಸಲ ಯೋಚಿಸಲಿಲ್ಲ. “ಸುಮ್ಮನೆ ಬಂದುಬಿಡು, ಆಮೇಲೆ ನಾವು ನೋಡಿಕೊಳ್ಳುತ್ತೇವೆ” ಎಂದೆವು. ಹಿತ್ತಲ ಬಾಗಿಲಿನಿಂದ ಹೊರಬಿದ್ದು ಮಳೆಯಲ್ಲಿ ನೆನೆಯುತ್ತ ಬಂದ. ಎರಡು ಗೋಲು ಹೊಡೆದ. ಎರಡಕ್ಕೊಂದರಿಂದ ಗೆದ್ದೆವು. ಅವನನ್ನು ಹೆಗಲ ಮೇಲೆ ಹೊತ್ತು ಕುಣಿದೆವು.

ಆ ಸಂಜೆ ಅವನ ಟ್ರಂಕು ಹೋಟೆಲಿನ ಮೆಟ್ಟಿಲ ಮೇಲಿತ್ತು. ಕೆಲಸ ಹೋದರೆ ಮಲಗುವ ಜಾಗವೂ ಹೋಯಿತು, ಊಟವೂ ಹೋಯಿತು. ಇದನ್ನು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ಸಂಘದ ಕಚೇರಿಗೆ ಬಂದು, “ಅಣ್ಣಾರ, ನೋಡ್ಕೋತೀವಿ ಅಂದಿದ್ರಲ್ರೀ” ಎಂದಷ್ಟೇ ಹೇಳಿದ.

ನಾವು ಕೂಗಾಡಿಕೊಂಡು ಧಣಿಗಳ ಬಳಿಗೆ ಹೋದೆವು. ಅವರು ಕೂಗಾಡಲಿಲ್ಲ. “ನಿಮ್ಮ ಆಟದ ಹೊತ್ತಿನಲ್ಲಿ ಮೋರಿಯಲ್ಲಿ ಪಾತ್ರೆ ಯಾರು ತೊಳೆಯುತ್ತಾರೆ? ಆ ದಿನ ತೊಳೆದದ್ದು ಇನ್ನೊಬ್ಬ ಹುಡುಗ, ತನ್ನ ಊಟ ಬಿಟ್ಟು” ಎಂದರು. ಅದು ನಿಜವಾಗಿತ್ತು. ಹೊರಗೆ ಹಾಕಿದ್ದು ಅನ್ಯಾಯವೆಂದು ಇಂದಿಗೂ ಹೇಳುತ್ತೇವೆ. ಆದರೆ ಆ ಇನ್ನೊಬ್ಬ ಹುಡುಗನ ಊಟದ ಲೆಕ್ಕ ನಮ್ಮ ಪುಸ್ತಕದಲ್ಲಿ ಇರಲೇ ಇಲ್ಲ.

ಹತ್ತೊಂಬತ್ತು ರಾತ್ರಿ ಅವನು ಸಂಘದ ಕಚೇರಿಯ ಬೆಂಚಿನ ಮೇಲೆ ಮಲಗಿದ. ಆ ದಿನಗಳಲ್ಲಿ ನಾವು ವಕೀಲರೊಬ್ಬರ ಬಳಿ ಕಾನೂನು ಓದಿಸಿಕೊಂಡೆವು. 1986ರ ಬಾಲಕಾರ್ಮಿಕ ಕಾಯಿದೆಯನ್ನು 2016ರಲ್ಲಿ ತಿದ್ದಿದ್ದಾರೆ. ಹದಿನಾಲ್ಕರೊಳಗಿನವರನ್ನು ಕೆಲಸಕ್ಕೆ ಇಟ್ಟುಕೊಳ್ಳುವಂತಿಲ್ಲ. ಹದಿನಾಲ್ಕರಿಂದ ಹದಿನೆಂಟರೊಳಗಿನವರಿಗೆ ವಿಶ್ರಾಂತಿ ಸೇರಿ ದಿನಕ್ಕೆ ಆರು ಗಂಟೆ ಮಾತ್ರ. ಸಂಜೆ ಏಳರಿಂದ ಬೆಳಿಗ್ಗೆ ಎಂಟರವರೆಗೆ ಕೆಲಸವಿಲ್ಲ. ವಾರಕ್ಕೆ ಒಂದು ಇಡೀ ದಿನ ರಜೆ. ಬಂಧುಗಳೇ, ನಾವು ಎಂತಹ ಸಂಘಟಕರು ನೋಡಿ! ಆ ಹುಡುಗನ ಪಾಲಿಗೆ ಬರೆದಿಟ್ಟ ರಜೆಯನ್ನೇ ಕೇಳಿ ಪಡೆಯದೆ, ಅವನನ್ನು ಕಳ್ಳನಂತೆ ಹಿತ್ತಲ ಬಾಗಿಲಿನಿಂದ ಓಡಿಸಿದೆವು.

ಇಪ್ಪತ್ತನೆಯ ದಿನ ಅವನಿಗೆ ಬೇರೊಂದು ಹೋಟೆಲಿನಲ್ಲಿ ಕೆಲಸ ಸಿಕ್ಕಿತು. ವಾರದ ರಜೆ ಯಾವ ದಿನವೆಂದು ಕಾಗದದಲ್ಲಿ ಬರೆಸಿಕೊಂಡೆವು. ಶಾಲೆಗೆ ತಿರುಗಿ ಬಂದ. ಆಟಕ್ಕೆ ಬರಲಿಲ್ಲ, ನಾವೂ ಕರೆಯಲಿಲ್ಲ.

ನಾಲ್ಕನೆಯ ಪಂದ್ಯ ಮಳೆಯಿಂದ ಮುಂದಕ್ಕೆ ಹೋಗಿತ್ತು. ಈ ಸಲ ಉಳಿದ ಹನ್ನೆರಡು ಹುಡುಗರ ಹೋಟೆಲುಗಳಿಗೂ ಮುಂಬಾಗಿಲಿನಿಂದಲೇ ಹೋದೆವು. ಏಳು ಕಡೆ ಪಂದ್ಯದ ದಿನಕ್ಕೇ ವಾರದ ರಜೆ ಹೊಂದಿಸಿಕೊಟ್ಟರು. ನಾಲ್ಕು ಕಡೆ ಬದಲಿಯವರನ್ನು ಕೊಟ್ಟರೆ ಬಿಡುತ್ತೇವೆಂದರು. ಒಂದು ಕಡೆ ಬಾಗಿಲಲ್ಲೇ ಆಗುವುದಿಲ್ಲವೆಂದರು. ಆ ಬದಲಿ ನಿಂತವರಲ್ಲಿ ಮೂವರು ಈ ಸಭೆಯಲ್ಲೇ ಇದ್ದಾರೆ, ಹೆಸರು ಹೇಳಬೇಡಿರೆಂದಿದ್ದಾರೆ. ನಾಲ್ಕನೆಯವರು 1982ರ ಮುಷ್ಕರದ ತನಕ ಗಿರಣಿಯ ಮಗ್ಗದ ಖಾತೆಯಲ್ಲಿ ದುಡಿದ ಹಿರಿಯರು. ಲುಂಗಿ ಎತ್ತಿ ಕಟ್ಟಿ ಎರಡು ಗಂಟೆ ಮೋರಿಯಲ್ಲಿ ನಿಂತರು. “ಮಗ್ಗಕ್ಕಿಂತ ಇದರ ಸದ್ದು ಕಡಿಮೆ” ಎಂದರಂತೆ.

ಅಂದು ಸೀಟಿ ಊದಿದಾಗ ಮೈದಾನದಲ್ಲಿ ನಮ್ಮವರು ಹನ್ನೊಂದು ಮಂದಿ ಇದ್ದರು. ಎಲ್ಲರೂ ಇದ್ದದ್ದು ಆ ಮಳೆಗಾಲದಲ್ಲಿ ಅದೊಂದೇ ಸಲ. ಗೆದ್ದಿದ್ದರೆ ಮುಂದಿನ ಸುತ್ತು. ಕೊನೆಯ ನಿಮಿಷಗಳವರೆಗೆ ಒಂದಕ್ಕೊಂದು ಸಮವಿತ್ತು. ಆಮೇಲೆ ಕೆಸರಿನಲ್ಲಿ ನಮ್ಮ ಬ್ಯಾಕಿನ ಕಾಲು ಜಾರಿತು, ಚೆಂಡು ಒಳಗೆ ಹೋಯಿತು. ಹುಡುಗರು ಅತ್ತರು. ಮೈದಾನದ ಬೇಲಿಯ ಹೊರಗೆ ಸಿಂದಗಿಯ ಹುಡುಗ ಕೊಡೆ ಹಿಡಿದು ನಿಂತಿದ್ದ. ಅಂದು ಅವನ ವಾರದ ರಜೆ. ಜಾರಿದವನ ಬಳಿಗೆ ಹೋಗಿ ಅವನೇ ಎತ್ತಿ ನಿಲ್ಲಿಸಿದ.

ಈಗ ಮತ್ತೆ ಮಳೆಗಾಲ ಬರುತ್ತಿದೆ. ಹುಡುಗರು ಹದಿನೈದು ಮಂದಿ ಆಗಿದ್ದಾರೆ, ಪಂದ್ಯಗಳು ಐದು. ಎಲ್ಲವೂ ಮಧ್ಯಾಹ್ನ ಎರಡರ ಮೇಲೆ. ಕಾರ್ಯದರ್ಶಿಗಳ ಮೇಜಿನ ಮೇಲೆ ನೀಲಿ ರಟ್ಟಿನ ಪುಸ್ತಕವಿದೆ. ಯಾವ ಹುಡುಗ, ಯಾವ ಹೋಟೆಲು, ಯಾವ ಕೆಲಸ ಎಂದು ಬರೆದಿಟ್ಟು, ಎದುರಿನ ಸಾಲು ಖಾಲಿ ಬಿಟ್ಟಿದ್ದೇವೆ. ಎರಡು ಗಂಟೆ ಬದಲಿ ನಿಲ್ಲಬಲ್ಲವರು ಅಲ್ಲಿ ಹೆಸರು ಬರೆಯಬೇಕು. ಬರೆಯಲು ಬಾರದಿದ್ದರೆ ಹೇಳಿ, ನಾವು ಬರೆದುಕೊಳ್ಳುತ್ತೇವೆ. ದೋಸೆ ಕಾವಲಿಗೆ ಮಾತ್ರ ಪಳಗಿದ ಕೈಯೇ ಬೇಕು, ಅಲ್ಲಿ ಇಬ್ಬರು ಹುಡುಗರಿದ್ದಾರೆ.